ಚೋಮ ಡಿಕ್ಲರೇಷನ್ ಹಾಕಬಹುದಿತ್ತೇ?

ಓದುಗರ ಪತ್ರ: ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ ಮತ್ತು ಇಂದಿನ ದಲಿತರ ಭೂಮಿ ಪ್ರಶ್ನೆ ಕುರಿತ ನನ್ನ ಲೇಖನವನ್ನು ‘ವಸ್ತು ಒಳ್ಳೆಯದು, ವಿಮರ್ಶೆಯಾಗಿಲ್ಲ’ ಎಂಬ ಒಂದು ಸಾಲು ಬರೆದು ಹಿಂದಿರುಗಿಸಿದ್ದೀರಿ. ಸಾಹಿತ್ಯ ಸಮಾಜದ ಕನ್ನಡಿ ಎಂದು ಓದಿಕೊಂಡು ಬಂದವರು ನಾವು. ಕೃತಿಯಲ್ಲಿರುವ ಸಮಸ್ಯೆಯನ್ನು ಇವತ್ತಿನ ಸಮಸ್ಯೆಯ ಪಕ್ಕ ಇಟ್ಟು ತೋರಿಸಿದರೆ ಅದು ವಿಮರ್ಶೆ ಅಲ್ಲವೇ? ಮತ್ತೆ ಹೇಗೆ ಬರೆಯಬೇಕು? — ಎಂ.ಎ. ವಿದ್ಯಾರ್ಥಿನಿ

ಸಂಪಾದಕರ ಉತ್ತರ: ಒಂದೇ ಸಾಲು ಬರೆದು ಕಳಿಸಿದ್ದು ಸೋಮಾರಿತನ, ಒಪ್ಪಿದೆ. ಈಗ ಬಡ್ಡಿ ಸಮೇತ ತೀರಿಸುತ್ತೇವೆ.

ತೊಂದರೆ ಶುರುವಾಗುವುದೇ ಆ ಕನ್ನಡಿಯಿಂದ. ಕನ್ನಡಿ ಎಂದ ಕೂಡಲೇ ಕಾದಂಬರಿ ಒಂದು ಸಾಕ್ಷ್ಯಪತ್ರ ಆಗಿಬಿಡುತ್ತದೆ; ಅದನ್ನು ಯಾರು, ಎಲ್ಲಿ ನಿಂತು, ಯಾವ ಮಾತಿನಲ್ಲಿ ಕಟ್ಟಿದರು ಎನ್ನುವುದು ಬಿದ್ದುಹೋಗುತ್ತದೆ. ನಿಮ್ಮ ಹನ್ನೊಂದು ಪುಟಗಳಲ್ಲಿ ಏಳು ಪುಟ ಕಥಾಸಾರ, ಮೂರು ಪುಟ ಪತ್ರಿಕಾ ವರದಿ, ಉಳಿದದ್ದು ಆಕ್ರೋಶ. ಆಕ್ರೋಶದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಕಾದಂಬರಿಯ ಒಂದು ವಾಕ್ಯವನ್ನಾದರೂ ಬಿಡಿಸಿ ನೋಡಿಲ್ಲ.

ಇಡೀ ಲೇಖನ ನಿಂತಿರುವುದು ಒಂದು ಮಾತಿನ ಮೇಲೆ: ‘1974ರ ತನಕ ಬದುಕಿದ್ದರೆ ಚೋಮನೂ ಭೂಮಾಲೀಕನಾಗುತ್ತಿದ್ದ.’ ಕೇಳಲು ಚೆನ್ನಾಗಿದೆ, ನಿಜವಲ್ಲ. 1961ರ ಭೂ ಸುಧಾರಣಾ ಕಾಯ್ದೆಗೆ 1973ರಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದ ಗೇಣಿದಾರ ಏಳನೇ ನಮೂನೆಯ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ನಿಮ್ಮ ದಕ್ಷಿಣ ಕನ್ನಡದ ಹಿರಿಯರು ಈಗಲೂ ‘ಡಿಕ್ಲರೇಷನ್ ಹಾಕಿದ್ದು’ ಎನ್ನುವುದು ಇದನ್ನೇ. ಚೋಮ ಏನು ಹಾಕುತ್ತಾನೆ? ಅವನು ಮೂಲಗೇಣಿಯವನೂ (ಕಾಯಂ ಗೇಣಿದಾರ) ಅಲ್ಲ, ಚಾಲಗೇಣಿಯವನೂ (ಒಡೆಯ ಬಿಡಿಸಬಹುದಾದ ಗೇಣಿದಾರ) ಅಲ್ಲ. ಒಡೆಯ ಸಂಕಪ್ಪಯ್ಯನ ಮನೆಗೆ ತಲೆತಲಾಂತರದಿಂದ ಕಟ್ಟುಬಿದ್ದ ಆಳು, ಅಂದರೆ ಮೂಲದಾಳು. ಹಟ್ಟಿಯಲ್ಲಿ ಎರಡು ಎತ್ತು ಕಟ್ಟಿಕೊಂಡು, ಒಂದು ತುಂಡು ಗದ್ದೆ ಗೇಣಿಗೆ ಸಿಕ್ಕೀತೇ ಎಂದು ಕಾದವನು. ಹೊಲೆಯ ಬೇಸಾಯಗಾರ ಆಗಕೂಡದು ಎಂಬ ಕಟ್ಟಳೆ ಅವನನ್ನು ಗೇಣಿಯ ಬಾಗಿಲಲ್ಲೇ ತಡೆದಿದೆ. ಕೃಷಿ ಕೂಲಿಯವನು ವಾಸವಿದ್ದ ಮನೆಯ ಹಕ್ಕಿಗೆ ಕಾಯ್ದೆಯಲ್ಲಿ ಬೇರೆ ದಾರಿ ಇತ್ತು. ಹೆಚ್ಚುವರಿ ಭೂಮಿ ಹಂಚುವಾಗ ಪರಿಶಿಷ್ಟರಿಗೆ ಪಾಲೂ ಇತ್ತು. ಆದರೆ ಏಳನೇ ನಮೂನೆ ಗೇಣಿದಾರನಿಗೆ.

ಇದನ್ನು ತಪ್ಪು ಎಂದು ಹೊಡೆದುಹಾಕಬೇಡಿ, ಇಲ್ಲಿಂದಲೇ ಲೇಖನ ಶುರು ಮಾಡಿ. ಕಾನೂನು ಕೇಳಿದ್ದು ‘ಈ ಗದ್ದೆ ಯಾರ ಗೇಣಿಯಲ್ಲಿದೆ’ ಎಂದು. ಅದಕ್ಕೆ ನಾಲ್ಕು ದಶಕ ಮೊದಲೇ, 1933ರಲ್ಲಿ, ಕಾದಂಬರಿ ಕೇಳಿದ್ದು ‘ಗೇಣಿ ಯಾರ ಹೆಸರಿಗೆ ಆಗುವುದೇ ಇಲ್ಲ’ ಎಂದು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಈ ಎರಡನೇ ಪ್ರಶ್ನೆಯ ಪಕ್ಕ ಇಟ್ಟು ನೋಡಿ. ಆಗ ‘ಚೋಮನ ಕಾಲದಿಂದ ಇಂದಿನವರೆಗೂ ಏನೂ ಬದಲಾಗಿಲ್ಲ’ ಎಂಬ ಸವಕಲು ವಾಕ್ಯ ಬರೆಯುವ ಪ್ರಮೇಯವೇ ಬರುವುದಿಲ್ಲ. ಬದಲಾಗಿದೆ. ಯಾರ ಪಾಲಿಗೆ ಎನ್ನುವುದನ್ನು ನೀವು ತೋರಿಸಬೇಕು.

ಎರಡು ಸಣ್ಣ ತಿದ್ದುಪಡಿ. ಚೋಮನ ಬವಣೆಗೆ ‘ಮೈಸೂರು ಸಂಸ್ಥಾನದ ಭೂನೀತಿ’ ಕಾರಣ ಎಂದಿದ್ದೀರಿ. ಕಥೆ ನಡೆಯುವ ನಿಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ಇನ್ನೊಂದು, ಗಾಂಧಿ-ಅಂಬೇಡ್ಕರ್ ನಡುವಿನ 1932ರ ಪುಣೆ ಒಪ್ಪಂದ ‘ಈ ಕಾದಂಬರಿಗೆ ಪ್ರೇರಣೆ’ ಎಂಬುದು. ಒಂದು ವರ್ಷದ ಅಂತರ ಇದ್ದ ಮಾತ್ರಕ್ಕೆ ಒಂದು ಇನ್ನೊಂದನ್ನು ಹೆರುವುದಿಲ್ಲ. ಅದಕ್ಕಿಂತ ಹತ್ತಿರದ ನಂಟು ಊರಲ್ಲೇ ಇದೆ: ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮತಾಂತರ ಎಂದರೆ ಹೊಸ ದೇವರು ಮಾತ್ರವಲ್ಲ, ಜಾತಿಯ ಕಟ್ಟಳೆಯ ಹೊರಗೊಂದು ಕೆಲಸವೂ ಹೌದು ಎಂಬುದು ಕರಾವಳಿಗೆ ಕಂಡ ವಿಷಯ. ಚೋಮ ಅತ್ತ ಹೆಜ್ಜೆಯಿಟ್ಟವನು ತನ್ನ ದೈವ ಪಂಜುರ್ಲಿಯ ನೆನಪಾಗಿ ಹಿಂದೆ ಸರಿಯುತ್ತಾನಲ್ಲ, ಆ ತೂಕ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು.

ಇನ್ನು ಓದುವ ಕೆಲಸ. ಇಡೀ ಕಾದಂಬರಿಯನ್ನು ಮೈಮೇಲೆ ಹಾಕಿಕೊಳ್ಳಬೇಡಿ. ಒಡೆಯನೂ ಆಳೂ ಎದುರುಬದುರಾಗುವ ಒಂದು ಪುಟ ಆರಿಸಿ, ಕೈಯಲ್ಲಿ ನಕಲು ಮಾಡಿ. ಕಣ್ಣು ಜಾರಿ ಹೋದದ್ದು ಬೆರಳಿಗೆ ಸಿಗುತ್ತದೆ. ಆಮೇಲೆ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಕನ್ನಡದ ವಿಮರ್ಶಕನಿಗೆ ಭಾಷೆಯೇ ಕೊಟ್ಟಿರುವ ಒಂದು ಅಳತೆಗೋಲಿದೆ: ಏಕವಚನ, ಬಹುವಚನ. ನಿರೂಪಕ ಚೋಮನನ್ನು ಏಕವಚನದಲ್ಲೇ ನಡೆಸುತ್ತಾನೆ. ಒಡೆಯನಿಗೆ, ಒಡೆಯನ ತಾಯಿಗೆ, ಪಾದ್ರಿಗೆ, ತೋಟದವರಿಗೆ ಏನು ಬಳಸುತ್ತಾನೆ? ‘ಬಂದನು’ ಮತ್ತು ‘ಬಂದರು’ ನಡುವೆ ಊರು-ಕೇರಿಯಷ್ಟು ದೂರ ಇರಬಹುದು. ಪಾತ್ರ ಆಡುವ ಮಾತಿನಲ್ಲಿ ಈ ಭೇದ ಇದ್ದರೆ ಅದು ಆ ಸಮಾಜದ್ದು. ನಿರೂಪಣೆಯಲ್ಲೂ ಇದ್ದರೆ ಅದು ಕಥೆ ಹೇಳುವವನದ್ದು. ಇವೆರಡನ್ನೂ ಬೇರೆ ಬೇರೆ ಕಾಲಂ ಹಾಕಿ ಬರೆದುಕೊಳ್ಳಿ. ಬೆರೆಸಿದರೆ ಲೇಖಕರ ಮೇಲೆ ಸುಮ್ಮನೆ ಆರೋಪ ಹೊರಿಸಿದಂತಾಗುತ್ತದೆ, ಇಲ್ಲವೇ ಸುಮ್ಮನೆ ಸರ್ಟಿಫಿಕೇಟ್ ಕೊಟ್ಟಂತಾಗುತ್ತದೆ. ನಮಗೆ ಬರುವ ಲೇಖನಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು.

ಇದರ ಜೊತೆಗೇ ತುಳುವಿನ ಪ್ರಶ್ನೆಯೂ ಇದೆ. ಆ ಸೀಮೆಯ ಆಳುಮಕ್ಕಳ ಮನೆಮಾತು ತುಳು, ಪುಸ್ತಕದಲ್ಲಿ ಅವರು ಆಡುವುದು ಕನ್ನಡ. ಚೋಮ ಬಾರಿಸುವ ವಾದ್ಯ ದುಡಿ; ಅದರ ಸದ್ದಿಗೆ ಅನುವಾದ ಬೇಕಿಲ್ಲ, ಮಾತಿಗೆ ಬೇಕು. ಚೋಮ ಮಾತಿಗಿಂತ ದುಡಿಯಲ್ಲಿ ಹೆಚ್ಚು ಹೇಳುವುದಕ್ಕೂ ಇದಕ್ಕೂ ಸಂಬಂಧ ಇದೆಯೇ? ತುಳು ಬಲ್ಲ ನೀವು ಇದನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲಿರಿ. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಚೋಮನ ಮಗಳು ಬೆಳ್ಳಿಗೆ ನೀವು ಕೊಟ್ಟಿರುವುದು ಒಂದೂವರೆ ಸಾಲು: ‘ಲೈಂಗಿಕ ಶೋಷಣೆಗೆ ಒಳಗಾಗುತ್ತಾಳೆ.’ ಇದು ಪೊಲೀಸ್ ಮಹಜರಿನ ಭಾಷೆ. ಸಾಲ ಅಪ್ಪನದು, ತೀರಿಸಲು ತೋಟಕ್ಕೆ ಹೋಗುವವಳು ಮಗಳು, ಅದು ತೀರುವುದು ಅವಳ ದುಡಿಮೆಯಿಂದಲ್ಲ. ಕಾದಂಬರಿಯ ಅತ್ಯಂತ ಕಠಿಣವಾದ ಲೆಕ್ಕ ಇದು. ಸಮಕಾಲೀನ ಸಮಸ್ಯೆಗೆ ನೇರ ದಾರಿ ಇರುವುದೂ ಇಲ್ಲೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಖ್ಯಾನ ತೆಗೆದು ನೋಡಿ. ತಾನು ಪಡೆದ ಮುಂಗಡಕ್ಕೆ ದುಡಿಯುವುದು ಮಾತ್ರವಲ್ಲ, ಹೆತ್ತವರು ಪಡೆದ ಮುಂಗಡಕ್ಕೆ ದುಡಿಯುವುದೂ ಅದರಲ್ಲಿ ಜೀತವೇ. ಇವತ್ತು ಇಟ್ಟಿಗೆ ಭಟ್ಟಿಗೆ ಮುಂಗಡ ಪಡೆದು ಸಂಸಾರ ಸಮೇತ ಹೋಗುವವರ ಬಗ್ಗೆ ಬರೆಯಬೇಕಿದ್ದರೆ ಹೋಲಿಕೆ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಗದ್ದೆಯ ಹೋಲಿಕೆಗಿಂತ ಮುಂಗಡದ ಹೋಲಿಕೆ ನಿಮಗೆ ಹೆಚ್ಚು ದಕ್ಕೀತು ಎಂದು ನಮ್ಮ ಅನಿಸಿಕೆ.

ಅಂಕಿ-ಅಂಶದ ವಿಷಯ. ‘ಪರಿಶಿಷ್ಟರ ಬಳಿ ಇಷ್ಟು ಶೇಕಡಾ ಜಮೀನು’ ಎಂದು ಕೃಷಿ ಗಣತಿಯಿಂದ ತೆಗೆದಿದ್ದೀರಿ. ಆ ಗಣತಿ ಎಣಿಸುವುದು ಸಾಗುವಳಿಯಲ್ಲಿರುವ ಹಿಡುವಳಿಗಳನ್ನು, ಒಡೆತನವನ್ನಲ್ಲ. ಭೂಮಿಯೇ ಇಲ್ಲದವನು ಅದರ ಲೆಕ್ಕಕ್ಕೇ ಬರುವುದಿಲ್ಲ, ಅಂದರೆ ಚೋಮ ಆ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಭೂರಹಿತ ಕುಟುಂಬಗಳಿಗೆ 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯ ಗ್ರಾಮೀಣ ಭಾಗ ನೋಡಬೇಕು. ಮಂಜೂರಾದ ಜಮೀನು ಕೈಬಿಟ್ಟುಹೋದ ಕಥೆಗೆ 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ) ಇದೆ. ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ಅದನ್ನು ತಿದ್ದಲಾಯಿತು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ಕೊಟ್ಟ 2020ರ ತಿದ್ದುಪಡಿ ಬೇರೆಯೇ ಪ್ರಶ್ನೆ. ಮೂರನ್ನೂ ಒಂದೇ ಪ್ಯಾರಾಕ್ಕೆ ತುರುಕಬೇಡಿ. ಒಂದನ್ನು ಹಿಡಿಯಿರಿ, ಉಳಿದದ್ದು ಬಿಡಿ.

ಕಾರಂತರು ದಲಿತರಲ್ಲವಾದ್ದರಿಂದ ಕಾದಂಬರಿ ‘ಹೊರಗಿನ ನೋಟ’ ಎಂದು ಕೊನೆಯಲ್ಲಿ ಷರಾ ಬರೆದಿದ್ದೀರಿ. ಷರಾ ಸಾಲದು, ತೋರಿಸಬೇಕು. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ (ದನದ ಮೇವಿನ ಹೊಟ್ಟು) ಎಂದಾಗ ಎದ್ದ ಗಲಾಟೆಯಲ್ಲಿ ಅವರ ಮಂತ್ರಿಗಿರಿ ಹೋಯಿತು, ಪ್ರಶ್ನೆ ಹೋಗಲಿಲ್ಲ. ಚೋಮನ ಹಟ್ಟಿಯೊಳಗಿನ ವಿವರ ಎಲ್ಲಿ ದಟ್ಟವಾಗಿದೆ, ಎಲ್ಲಿ ನಿರೂಪಕ ಹೊಸ್ತಿಲಾಚೆ ನಿಂತುಬಿಡುತ್ತಾನೆ? ಆಮೇಲೆ ದಲಿತ ಲೇಖಕರು ತಾವೇ ಬರೆದ ಆತ್ಮಕಥನದ ಒಂದು ಅಧ್ಯಾಯವನ್ನು ಪಕ್ಕದಲ್ಲಿಟ್ಟು ಅಡುಗೆ, ಹಸಿವು, ನಗು, ಈ ಮೂರನ್ನು ಮಾತ್ರ ಹೋಲಿಸಿ. ನಗುವನ್ನು ಮರೆಯಬೇಡಿ, ಹೊರಗಿನಿಂದ ಬರೆದವರಿಗೆ ಮೊದಲು ತಪ್ಪಿಹೋಗುವುದು ಅದು.

ತಿದ್ದಿ ಬರೆಯುವಾಗ 1,800 ಪದ ಸಾಕು. ಕಥಾಸಾರ ನೂರೈವತ್ತು ಪದ ಮೀರಬಾರದು, ನಮ್ಮ ಓದುಗರಿಗೆ ಕಥೆ ಗೊತ್ತು. ಉದ್ಧರಣೆಗಳು ಒಟ್ಟು ಇನ್ನೂರು ಪದ. ಪ್ರತಿ ಉದ್ಧರಣೆಯ ಬೆನ್ನಿಗೆ ಅದರಲ್ಲಿ ನೀವು ಕಂಡದ್ದು ಕನಿಷ್ಠ ಮೂರು ವಾಕ್ಯ. ಹಾಗೆ ಬರೆಯಲಾಗದಿದ್ದರೆ ಆ ಉದ್ಧರಣೆ ಬೇಡ. ಬಿ.ವಿ. ಕಾರಂತರ 1975ರ ಸಿನಿಮಾ ನೋಡಿದ್ದೀರಿ ಎಂಬುದು ಲೇಖನದಿಂದಲೇ ತಿಳಿಯುತ್ತದೆ. ನೋಡಿದ್ದು ಒಳ್ಳೆಯದೇ. ಆದರೆ ನೀವು ವರ್ಣಿಸಿರುವ ದೃಶ್ಯಗಳನ್ನು ಒಂದೊಂದಾಗಿ ಪುಸ್ತಕದಲ್ಲಿ ಹುಡುಕಿ, ಸಿಗದವನ್ನು ತೆಗೆಯಿರಿ. ಪುಟಸಂಖ್ಯೆ ಕೊಡುವಾಗ ಯಾವ ವರ್ಷದ ಮುದ್ರಣ ಎಂದು ನಮೂದಿಸಿ. ನಾವು ತಾಳೆ ನೋಡುತ್ತೇವೆ.