ಇರುವೆಯಿಂದ ಶುರು ಮಾಡಿ

ನಮಸ್ಕಾರ,

ನಿಮ್ಮ ‘ಕಿಡ್ನಿ ಎಂಬ ಅದ್ಭುತ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ.

ಮೊದಲು ತಪ್ಪು ಹೇಳಿಬಿಡುತ್ತೇನೆ. ‘ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕಿಡ್ನಿ ರಕ್ತದಿಂದ ಕಸ ಆರಿಸುತ್ತದೆ’ ಎಂದು ಬರೆದಿದ್ದೀರಿ. ಓದೋಕೆ ಚೆನ್ನಾಗಿದೆ, ಆದರೆ ನಡೆಯುವುದು ಬಹುಪಾಲು ಉಲ್ಟಾ. ನೆಫ್ರಾನ್, ಅಂದರೆ ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಘಟಕ, ಕಲ್ಲು ಹುಡುಕುತ್ತಾ ಕೂರುವುದಿಲ್ಲ. ಕಲ್ಲು, ಅಕ್ಕಿ ಎರಡನ್ನೂ ಮೊರದಿಂದಾಚೆ ಸುರಿದು, ಆಮೇಲೆ ಅಕ್ಕಿಯನ್ನು ವಾಪಸ್ ಆರಿಸಿಕೊಳ್ಳುತ್ತದೆ. ರಕ್ತಕಣ, ದೊಡ್ಡ ಪ್ರೋಟೀನುಗಳು ರಕ್ತದಲ್ಲೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಎಂಬ ಕಸ, ಎಲ್ಲವೂ ಗ್ಲೋಮೆರುಲಸ್ ಎಂಬ ಸಣ್ಣ ರಕ್ತನಾಳಗಳ ಗೊಂಚಲಿನಲ್ಲಿ ಸೋಸಿ ನೆಫ್ರಾನಿನ ನಳಿಕೆಗೆ ಇಳಿಯುತ್ತವೆ. ದಿನಕ್ಕೆ ಸುಮಾರು 180 ಲೀಟರ್! ಮನೆಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಒಂಬತ್ತು ಆಯ್ತಲ್ವಾ? ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರ್ ಅಷ್ಟೇ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಅದ್ಭುತ’ ಎಂದು ನೀವು ಹೇಳಬೇಕಾಗೇ ಇಲ್ಲ.

ಇಷ್ಟೆಲ್ಲ ಯಾಕೆ ಸುರಿಯಬೇಕು ಎಂದು ಓದುಗರು ಕೇಳುತ್ತಾರೆ. ಉತ್ತರ ಸೊಗಸಾಗಿದೆ. ಬೇಡದ್ದು ಯಾವುದು ಎಂದು ಒಂದೊಂದಾಗಿ ಗುರುತು ಹಿಡಿಯುವ ಕಷ್ಟ ಇಲ್ಲ. ಬೇಕಾದದ್ದು ಗೊತ್ತಿದ್ದರೆ ಸಾಕು.

ಇನ್ನು ನಿಮ್ಮ ಕೊನೆಯ ಪುಟ. ಅಜ್ಜ ಮೂತ್ರ ಮಾಡಿದ ಜಾಗದಲ್ಲಿ ಇರುವೆ ಮುತ್ತಿದ್ದು, ಅಜ್ಜಿ ಚೊಂಬು ಹಿಡಿದು ನಿಂತು ‘ಇವರಿಗೆ ಸಕ್ಕರೆ ಕಾಯಿಲೆ ಬಂದಿದೆ’ ಎಂದದ್ದು. ಲೇಖನದ ಜೀವವೇ ಅದು. ಅದನ್ನು ಮೂರು ಸಾಲಲ್ಲಿ ಮುಗಿಸಿದ್ದೀರಿ! ಮೊದಲಿಗೆ ತನ್ನಿ. ಸೋಸಿದ ಸಕ್ಕರೆಯನ್ನೆಲ್ಲ ನಳಿಕೆಯ ಮೊದಲ ಭಾಗವೇ ಸಾಮಾನ್ಯವಾಗಿ ವಾಪಸ್ ಎಳೆದುಕೊಳ್ಳುತ್ತದೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದರ ಕೈ ಸಾಲದು. ಮಿಕ್ಕ ಸಕ್ಕರೆ ಮೂತ್ರಕ್ಕೆ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅಜ್ಜ ರಾತ್ರಿ ನಾಲ್ಕು ಸಲ ಏಳುತ್ತಿದ್ದದ್ದು, ಬಾಯಾರಿಕೆ ಎನ್ನುತ್ತಿದ್ದದ್ದು ಅದಕ್ಕೇ. ಇಷ್ಟು ಬರೆದರೆ ನೆಫ್ರಾನ್ ಓದುಗರ ಮನೆಯೊಳಗೆ ಬಂದ ಹಾಗೆ.

ಹೆನ್ಲೆ ಕುಣಿಕೆಗೆ, ಅಂದರೆ ನಳಿಕೆಯ ನಡುವಿನ U ಆಕಾರದ ತಿರುವಿಗೆ, ಒಂದು ಪುಟ ಸುಮ್ನೆ ಹೆಸರುಗಳನ್ನೇ ತುಂಬಿದ್ದೀರಿ. ಅದು ಕಿಡ್ನಿಯ ಒಳಭಾಗವನ್ನು ಉಪ್ಪುಪ್ಪಾಗಿ ಇಡುತ್ತದೆ, ಆ ಉಪ್ಪಿನಿಂದಲೇ ಕೊನೆಯ ನಳಿಕೆಯ ನೀರನ್ನು ಹಿಂದಕ್ಕೆ ಎಳೆಯಲು ಆಗುತ್ತದೆ ಎಂದರೆ ಸಾಕು. ಒಂದು ಕಿಡ್ನಿಯಲ್ಲಿ ನೆಫ್ರಾನ್ ಒಂದು ಕೋಟಿ ಅಲ್ಲ, ಸುಮಾರು 10 ಲಕ್ಷ.

‘ದಿನಕ್ಕೆ ಐದು ಲೀಟರ್ ನೀರು ಕುಡಿದು ಕಿಡ್ನಿ ತೊಳೆಯಿರಿ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಕಿಡ್ನಿ ಸೋತ ಎಷ್ಟೋ ಜನರಿಗೆ ಡಾಕ್ಟರು ನೀರನ್ನು ಅಳೆದು ಕುಡಿಯಲು ಹೇಳಿರುತ್ತಾರೆ. ಅಂಥವರೊಬ್ಬರು ನಮ್ಮನ್ನು ನಂಬಿ ಕುಡಿದುಬಿಟ್ಟರೆ?

ಎಂಟು ಪುಟ ಜಾಸ್ತಿಯಾಯಿತು, ನಾಲ್ಕಕ್ಕೆ ಇಳಿಸಿ. ತಿದ್ದಿ ಕಳಿಸಿ, ಬಂದ ದಿನವೇ ಓದುತ್ತೇನೆ.