ಪರ್ಮಿಯನ್ ಬೇಸಿನ್‌ನಲ್ಲಿ ತೈಲ ಹೆಚ್ಚಿದಷ್ಟೂ ಅಪಘಾತ ಹೆಚ್ಚಲೇಬೇಕಾ?

ನಿಮ್ಮ ತಮ್ಮನಿಗೆ ಅಮೆರಿಕದ ಪಶ್ಚಿಮ ಟೆಕ್ಸಾಸ್‌ನಲ್ಲಿ, ಪರ್ಮಿಯನ್ ಬೇಸಿನ್ ಅನ್ನುವ ತೈಲ ಪ್ರದೇಶದ ಬಾವಿಗಳಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಉದ್ಯಮ ಬೆಳೆದ ಹಾಗೆಲ್ಲ ಅಪಘಾತವೂ ಹೆಚ್ಚುತ್ತಿದೆ ಅಂತ ಓದಿ ಮನೆಯಲ್ಲಿ ಹೆದರಿದ್ದಾರೆ. ಇದು ತಪ್ಪಿಸಲಾಗದ್ದಾ, ಅವನನ್ನು ಕಳಿಸಬಹುದಾ ಅಂತ ಕೇಳಿದ್ದೀರಿ. ನಾನು ಅಲ್ಲಿಯ ಮಿಡ್‌ಲ್ಯಾಂಡ್ ಊರಿನಲ್ಲಿ ಆರು ವರ್ಷ ಇದ್ದೆ. ಬಾವಿಗಳಿಗೆ ಸರ್ವಿಸ್ ಕೊಡುವ ಒಂದು ಕಂಪನಿಯಲ್ಲಿ ಮೊದಲು ಫೀಲ್ಡ್ ಇಂಜಿನಿಯರ್ ಆಗಿದ್ದೆ, ಆಮೇಲೆ ಸೇಫ್ಟಿ ವಿಭಾಗಕ್ಕೆ ಬಂದೆ. ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಬಾವಿ ಕೊರೆಯುವ ರಿಗ್ ಹೊತ್ತಿ ಉರಿಯುವ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಬೆಂಕಿ ಬೀಳುತ್ತದೆ, ಇಲ್ಲ ಅಂತಲ್ಲ. ಆದರೆ ಅಲ್ಲಿ ಜನ ಜಾಸ್ತಿ ಸಾಯುವುದು ರಸ್ತೆಯ ಮೇಲೆ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2003ರಿಂದ 2013ರವರೆಗಿನ ಲೆಕ್ಕ ತೆಗೆದಿತ್ತು. ಆ ಅವಧಿಯಲ್ಲಿ ಇಡೀ ದೇಶದಲ್ಲಿ ತೈಲ ಮತ್ತು ಅನಿಲ ತೆಗೆಯುವ ಕೆಲಸದಲ್ಲಿ 1,189 ಜನ ಸತ್ತರು. ಹತ್ತರಲ್ಲಿ ನಾಲ್ಕು ಸಾವು ವಾಹನ, ಸಾರಿಗೆಗೆ ಸಂಬಂಧಪಟ್ಟವು. ವರ್ಷದ ಸಾವಿನ ಸಂಖ್ಯೆ ಶೇಕಡಾ 27.6ರಷ್ಟು ಏರಿತು. ನೀವು ಓದಿದ್ದು ಇಂಥದ್ದೇ ಅಂಕಿ ಇರಬೇಕು. ಆದರೆ ಅದೇ ಸಮಯದಲ್ಲಿ ಕೆಲಸಗಾರರ ಸಂಖ್ಯೆ ಎರಡು ಪಟ್ಟಾಗಿತ್ತು. ಇಷ್ಟು ಜನಕ್ಕೆ ಇಷ್ಟು ಸಾವು ಅಂತ ಲೆಕ್ಕ ಹಾಕಿದರೆ ಪ್ರಮಾಣ ಶೇಕಡಾ 36.3ರಷ್ಟು ಇಳಿದಿತ್ತು. ಅಂದರೆ ಉದ್ಯಮ ಬೆಳೆಯುತ್ತಿರುವಾಗಲೂ ಒಬ್ಬೊಬ್ಬ ಕೆಲಸಗಾರನ ಅಪಾಯ ಕಡಿಮೆ ಮಾಡಲು ಆಗುತ್ತದೆ, ಆಗಿದೆ. ಹೀಗಾಗಿ 'ತಪ್ಪಿಸಲಾಗದ್ದು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಗಂತ ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ. ಇಳಿದ ಮೇಲೂ ಆ ಪ್ರಮಾಣ ಬೇರೆ ಕೆಲಸಗಳಿಗಿಂತ ಹಲವು ಪಟ್ಟು ಜಾಸ್ತಿಯೇ ಇತ್ತು.

ರಸ್ತೆಯ ವಿಷಯಕ್ಕೆ ಬರುತ್ತೇನೆ. ಪರ್ಮಿಯನ್ ಬೇಸಿನ್ ಪಶ್ಚಿಮ ಟೆಕ್ಸಾಸ್‌ನಿಂದ ಆಗ್ನೇಯ ನ್ಯೂ ಮೆಕ್ಸಿಕೊವರೆಗೆ ಹರಡಿದೆ. 2010ರ ಸುಮಾರಿಗೆ ಅಲ್ಲಿ ದಿನಕ್ಕೆ ಹತ್ತಿರಹತ್ತಿರ 10 ಲಕ್ಷ ಬ್ಯಾರೆಲ್ ತೈಲ ಬರುತ್ತಿತ್ತು. 2024ರ ಹೊತ್ತಿಗೆ ಅದು 60 ಲಕ್ಷ ದಾಟಿತು. ರಸ್ತೆಗಳು ಮಾತ್ರ ಆ ವೇಗದಲ್ಲಿ ಅಗಲವಾಗಲಿಲ್ಲ. ಒಂದು ಬಾವಿಗೆ ಫ್ರ್ಯಾಕಿಂಗ್, ಅಂದರೆ ಒತ್ತಡದಲ್ಲಿ ನೀರು ಮರಳು ತಳ್ಳಿ ಬಂಡೆ ಬಿರುಕು ಬಿಡಿಸುವ ಕೆಲಸ, ಮಾಡಬೇಕೆಂದರೆ ಮರಳು, ನೀರು, ಪೈಪು, ಪಂಪು ಎಲ್ಲ ಸೇರಿ ನೂರಾರು ಟ್ರಕ್ ಓಡಾಡಬೇಕು. ದನ ಮೇಯಿಸುವವರ ಊರುಗಳಿಗೆಂದು ಮಾಡಿದ್ದ ಎರಡು ಲೇನಿನ ರಸ್ತೆಗಳಲ್ಲಿ ಇಷ್ಟೂ ಹೋಗಬೇಕು. ಪೆಕೋಸ್‌ನಿಂದ ಕಾರ್ಲ್ಸ್‌ಬ್ಯಾಡ್ ಕಡೆ ಹೋಗುವ ಹೆದ್ದಾರಿ 285ಕ್ಕೆ ಅಲ್ಲಿಯ ಜನ 'ಡೆತ್ ಹೈವೇ' ಅಂತಲೇ ಹೆಸರಿಟ್ಟಿದ್ದಾರೆ.

ನಮ್ಮ ಕಂಪನಿಯದೇ ಒಂದು ಸಿಮೆಂಟ್ ಪಂಪ್ ಟ್ರಕ್ ಬೆಳಗಿನ ಜಾವ ಮಗುಚಿತ್ತು. ನಾನು ಹೋದಾಗ ಇನ್ನೂ ಕತ್ತಲು. ರಸ್ತೆ ಅಲ್ಲಿ ಸ್ವಲ್ಪ ಎಡಕ್ಕೆ ತಿರುಗುತ್ತದೆ, ಟ್ರಕ್ ನೇರವಾಗಿ ಮುಳ್ಳುಪೊದೆಯೊಳಗೆ ಹೋಗಿತ್ತು. ಟಾರ್ಚ್ ಹಿಡಿದು ಹಿಂದಕ್ಕೆ ನಡೆದು ಹುಡುಕಿದೆ. ರಸ್ತೆಯ ಮೇಲೆ ಎಲ್ಲೂ ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. ಚಾಲಕ ಬ್ರೇಕ್ ತುಳಿದೇ ಇರಲಿಲ್ಲ, ನಿದ್ದೆ ಹತ್ತಿತ್ತು. ಪುಣ್ಯಕ್ಕೆ ಜೀವ ಉಳಿಯಿತು, ಎರಡೂ ಕಾಲು ಮುರಿದವು. ಆಸ್ಪತ್ರೆಯಲ್ಲಿ ಮಾತಾಡಿಸಿದಾಗ ಹೇಳಿದ: ಬಾವಿಯ ಹತ್ತಿರ ಒಂಬತ್ತು ಗಂಟೆ ಕಾದಿದ್ದೆ, ಆಮೇಲೆ ಕೆಲಸ ಮುಗಿಸಿ ಹೊರಟೆ.

ಆ ಒಂಬತ್ತು ಗಂಟೆ ಕಾಗದದಲ್ಲಿ ಡ್ಯೂಟಿಯೇ ಅಲ್ಲ. ಅಮೆರಿಕದಲ್ಲಿ ಟ್ರಕ್ ಚಾಲಕರ ಡ್ಯೂಟಿ ಗಂಟೆಗಳಿಗೆ ಕಟ್ಟುನಿಟ್ಟಾದ ಮಿತಿ ಇದೆ. ಆದರೆ ತೈಲ ಬಾವಿಗೆಂದೇ ಕಟ್ಟಿದ ವಿಶೇಷ ಟ್ರಕ್‌ಗಳನ್ನು ಓಡಿಸುವ, ಅದಕ್ಕೆ ತರಬೇತಿ ಪಡೆದ ಚಾಲಕರಿಗೆ ಒಂದು ವಿನಾಯಿತಿ ಇದೆ. ಬಾವಿಯ ಜಾಗದಲ್ಲಿ ಕಾಯುವ ಹೊತ್ತನ್ನು ಡ್ಯೂಟಿಗೆ ಸೇರಿಸಬೇಕಾಗಿಲ್ಲ. ಆದರೆ ಜನರೇಟರ್ ಗದ್ದಲದ ಪಕ್ಕ, ಈಗ ಕರೆಯುತ್ತಾರೆ ಆಗ ಕರೆಯುತ್ತಾರೆ ಅಂತ ಕೂತವನಿಗೆ ನಿದ್ದೆ ಹೇಗೆ ಬರಬೇಕು ಹೇಳಿ? ನಾವು ಯಾವ ನಿಯಮವನ್ನೂ ಮುರಿದಿರಲಿಲ್ಲ. ಅದೇ ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಇನ್ನೊಂದು ಅಪಾಯ ಕಣ್ಣಿಗೇ ಕಾಣದ್ದು. ಬಾವಿಯಿಂದ ಬಂದ ತೈಲ ತುಂಬುವ ಟ್ಯಾಂಕ್‌ಗಳ ನೆತ್ತಿಯ ಮೇಲೆ ಒಂದು ಮುಚ್ಚಳ ಇರುತ್ತದೆ, ಥೀಫ್ ಹ್ಯಾಚ್ ಅಂತಾರೆ. ಎಷ್ಟು ತೈಲ ಇದೆ ಅಂತ ಅಳೆಯಲು ಪಂಪರ್, ಅಂದರೆ ಬಾವಿ ಮತ್ತು ಟ್ಯಾಂಕ್ ನೋಡಿಕೊಳ್ಳುವ ಕೆಲಸಗಾರ, ಏಣಿ ಹತ್ತಿ ಅದನ್ನು ತೆರೆಯುತ್ತಾನೆ. ಒತ್ತಡದಲ್ಲಿದ್ದ ಅನಿಲ ಒಮ್ಮೆಲೇ ಮುಖಕ್ಕೆ ಬರುತ್ತದೆ. ಅಷ್ಟು ಹೊತ್ತು ಅಲ್ಲಿ ಉಸಿರಾಡಲು ಆಮ್ಲಜನಕವೇ ಇರುವುದಿಲ್ಲ, ಆ ಅನಿಲ ಹೃದಯದ ಬಡಿತವನ್ನೂ ಕೆಡಿಸುತ್ತದೆ. 2010ರಿಂದ 2014ರ ನಡುವೆ ಅಮೆರಿಕದಲ್ಲಿ ಹೀಗೆ 9 ಜನ ಸತ್ತರು. ಹೆಚ್ಚಿನವರು ಒಬ್ಬರೇ ಇದ್ದರು. ಕೆಲವರದು ಹೃದಯಾಘಾತ ಅಂತಲೇ ಮೊದಲು ದಾಖಲಾಗಿತ್ತು. ಮುಚ್ಚಳ ತೆರೆಯದೆ ಮೀಟರ್‌ನಿಂದ ಅಳೆಯುವ ವ್ಯವಸ್ಥೆ ಇದೆ. ಹಾಕಿಸಲು ದುಡ್ಡು ಬೇಕು, ಅಷ್ಟೇ.

ಟೆಕ್ಸಾಸ್‌ನ ಒಡೆಸ್ಸಾದಲ್ಲಿ 2019ರ ಅಕ್ಟೋಬರ್ 26ರಂದು ಆದದ್ದನ್ನು ನಾನು ಪ್ರತಿ ಹೊಸ ಬ್ಯಾಚ್‌ಗೂ ಹೇಳುತ್ತಿದ್ದೆ. ತೈಲದ ಜೊತೆ ಬರುವ ನೀರನ್ನು ಮತ್ತೆ ನೆಲಕ್ಕೆ ಇಳಿಸುವ ಒಂದು ಪಂಪ್ ಹೌಸ್. ಅಲಾರಂ ಬಂತೆಂದು ಪಂಪರ್ ಶನಿವಾರ ಸಂಜೆ ಒಬ್ಬನೇ ನೋಡಲು ಹೋದ. ಪಂಪಿನ ಕರೆಂಟ್ ತೆಗೆದು ಬೀಗ ಹಾಕಿರಲಿಲ್ಲ. ಅದು ತಾನಾಗಿ ಚಾಲೂ ಆಯಿತು, ಹೈಡ್ರೋಜನ್ ಸಲ್ಫೈಡ್ ಬೆರೆತ ನೀರು ಹೊರಗೆ ಬಂತು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ ಇದು ಸೇರಿದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ, ಇನ್ನಷ್ಟು ಜಾಸ್ತಿಯಾದರೆ ಪ್ರಾಣ ಹೋಗುತ್ತದೆ. ಆತ ಅಲ್ಲೇ ಸತ್ತ. ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ಹೆಂಡತಿ ಇಬ್ಬರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹುಡುಕಲು ಬಂದರು. ಒಳಗೆ ಹೋದ ಆಕೆಯೂ ತಿರುಗಿ ಬರಲಿಲ್ಲ. ಮಕ್ಕಳು ಉಳಿದರು. ತನಿಖೆಯಲ್ಲಿ ಗೊತ್ತಾಗಿದ್ದು: ಆತನ ಮೈಮೇಲೆ ಅನಿಲ ಪತ್ತೆ ಮಾಡುವ ಮಾನಿಟರ್ ಇರಲಿಲ್ಲ, ಕಟ್ಟಡದ ಎಚ್ಚರಿಕೆ ವ್ಯವಸ್ಥೆಯೂ ಕೆಲಸ ಮಾಡುತ್ತಿರಲಿಲ್ಲ. ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ಧ್ವನಿ ಕಟ್ಟುತ್ತಿತ್ತು.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ, ಆದರೆ ತೂತು ಇದೆ. 1989ರಲ್ಲಿ ಇದೇ ಟೆಕ್ಸಾಸ್‌ನ ಪ್ಯಾಸಡೀನಾದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ 23 ಜನ ಸತ್ತರು. ಅಂಥ ದುರಂತಗಳ ನಂತರ 1992ರಲ್ಲಿ ಅಪಾಯಕಾರಿ ರಾಸಾಯನಿಕ ಬಳಸುವ ಕಡೆಗಳಿಗೆಂದು ಗಟ್ಟಿಯಾದ ನಿಯಮ ಬಂತು. ಬಾವಿ ಕೊರೆಯುವ ಮತ್ತು ಬಾವಿಗೆ ಸರ್ವಿಸ್ ಮಾಡುವ ಕೆಲಸವನ್ನು ಮಾತ್ರ ಅದರಿಂದ ಹೊರಗಿಟ್ಟರು. ಬೇರೆ ನಿಯಮಗಳು ಅನ್ವಯಿಸುತ್ತವೆ, ಆದರೆ ಅಷ್ಟು ಬಿಗಿ ಅಲ್ಲ.

ಬೆಳವಣಿಗೆಯ ವಿಷಯದಲ್ಲಿ ನನಗೆ ಜಾಸ್ತಿ ಭಯ ಆಗುತ್ತಿದ್ದದ್ದು ಅದರ ಏರಿಳಿತದ್ದು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ, ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಇಳಿಯಿತು. ನಮ್ಮಲ್ಲಿ ಇಪ್ಪತ್ತು ವರ್ಷ ಅನುಭವ ಇದ್ದವರೂ ಕೆಲಸ ಕಳೆದುಕೊಂಡು ಮನೆಗೆ ಹೋದರು. ಬೆಲೆ ಚೇತರಿಸಿಕೊಂಡಾಗ ಕರೆದರೂ ಬಹಳ ಜನ ವಾಪಸ್ ಬರಲಿಲ್ಲ. ಅವರ ಜಾಗಕ್ಕೆ ಬಂದವರು ಹಸಿರು ಹೆಲ್ಮೆಟ್‌ನವರು. ಹೊಸಬ ಅಂತ ಎಲ್ಲರಿಗೂ ದೂರದಿಂದಲೇ ಗೊತ್ತಾಗಲಿ ಅಂತ ಆ ಬಣ್ಣ. ಎಂಟು ಜನರ ಗುಂಪಿನಲ್ಲಿ ಒಂದೋ ಎರಡೋ ಹಸಿರು ಇದ್ದರೆ ಉಳಿದವರು ಕಣ್ಣಿಟ್ಟಿರುತ್ತಾರೆ. ಒಂದು ದಿನ ಎಣಿಸಿದರೆ ಐದು ಹಸಿರು ಇದ್ದವು. ಕೆಲಸ ಶುರುವಾಗುವ ಮುಂಚೆ ಅಪಾಯಗಳ ಪಟ್ಟಿ ಓದಿ ಎಲ್ಲರೂ ಸಹಿ ಹಾಕಬೇಕು. ಒಬ್ಬ ಹುಡುಗ ಓದದೆ ಸಹಿ ಹಾಕಿದ. ಕೇಳಿದೆ, "ಎಲ್ಲರೂ ಹಾಕಿದ್ರಲ್ಲ" ಅಂದ. ಆ ದಿನ ಕೆಲಸವನ್ನು ಎರಡು ಗಂಟೆ ತಡ ಮಾಡಿಸಿದೆ, ಮ್ಯಾನೇಜರ್ ಹತ್ತಿರ ಮಾತು ಕೇಳಿಸಿಕೊಂಡೆ. ಮತ್ತೆ ಅಂಥ ದಿನ ಬಂದರೂ ಹಾಗೇ ಮಾಡುತ್ತೇನೆ.

ಆ ದುಡಿಮೆಯನ್ನು ನಾನು ಕೀಳಾಗಿ ನೋಡುವುದಿಲ್ಲ. ಕಾಲೇಜು ಮೆಟ್ಟಿಲು ಹತ್ತದ ಹುಡುಗರು ಅಲ್ಲಿ ದುಡಿದು ತಂದೆ ತಾಯಿಯ ಸಾಲ ತೀರಿಸಿದ್ದನ್ನು ನೋಡಿದ್ದೇನೆ. ನಿಮ್ಮ ತಮ್ಮ ಹೋಗಲಿ. ಆದರೆ ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಕೆಲವು ವಿಷಯ ಕೇಳಲೇಬೇಕು. ಕಂಪನಿಗೆ ಕಾರ್ಮಿಕರ ಪರಿಹಾರ ವಿಮೆ ಇದೆಯಾ ಅನ್ನುವುದು ಮೊದಲನೆಯದು. ಟೆಕ್ಸಾಸ್‌ನಲ್ಲಿ ಖಾಸಗಿ ಕಂಪನಿಗಳಿಗೆ ಅದು ಕಡ್ಡಾಯವಲ್ಲ, ಬಹಳ ಜನಕ್ಕೆ ಪೆಟ್ಟು ಬಿದ್ದ ಮೇಲೇ ಇದು ಗೊತ್ತಾಗುವುದು. ಅವನಿಗೇ ಅಂತ ಒಂದು ಅನಿಲ ಮಾನಿಟರ್ ಕೊಡುತ್ತಾರಾ, ಅದನ್ನು ದಿನಾ ಪರೀಕ್ಷೆ ಮಾಡುತ್ತಾರಾ ಕೇಳಲಿ. ಕೊಟ್ಟರೆ ಅದು ಕಾಲರ್ ಹತ್ತಿರ ಇರಬೇಕು, ಗಾಡಿಯ ಡ್ಯಾಶ್‌ಬೋರ್ಡ್ ಮೇಲಲ್ಲ. ಮೊದಲ ಆರು ತಿಂಗಳು ಯಾರ ಜೊತೆ ಕೆಲಸ, ಟ್ಯಾಂಕ್ ಹತ್ತಿರ ಒಬ್ಬನೇ ಹೋಗಬೇಕಾ ಅಂತಲೂ ಕೇಳಲಿ.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಹನ್ನೆರಡು ಗಂಟೆ ಶಿಫ್ಟ್ ಮುಗಿದ ಮೇಲೆ ಕ್ಯಾಂಪಿಗೆ ಗಾಡಿ ಓಡಿಸುವವರು ಯಾರು? ಆ ಟ್ರಕ್ ಮಗುಚಿದ ಮೇಲೆ ನಮ್ಮಲ್ಲಿ ಶಿಫ್ಟ್ ಮಾಡಿರದ ಬೇರೆ ಚಾಲಕರನ್ನು ಇಟ್ಟು ವ್ಯಾನ್ ಶುರು ಮಾಡಿದರು. ಅದಕ್ಕಾಗಿ ನಾನು ಏಳು ತಿಂಗಳು ಜಗಳ ಆಡಬೇಕಾಯಿತು. ನಿಮ್ಮ ತಮ್ಮನ ಕಂಪನಿ 'ನೀವೇ ಓಡಿಸಿಕೊಂಡು ಹೋಗಿ' ಅಂದರೆ, ಬಾವಿಯ ಹತ್ತಿರವೇ ಮಲಗುವ ವ್ಯವಸ್ಥೆ ಇದೆಯಾ ಅಂತ ಕೇಳಲಿ. ಅದೂ ಇಲ್ಲ ಅಂದರೆ ಬೇರೆ ಕಂಪನಿ ನೋಡಲು ಹೇಳಿ. ಯಾವ ಊರು, ಯಾವ ಕೆಲಸ ಅಂತ ಬರೆದರೆ ಅದಕ್ಕೆ ತಕ್ಕ ಹಾಗೆ ಇನ್ನೂ ಹೇಳುತ್ತೇನೆ.