ಓದುಗರ ಪ್ರಶ್ನೆ: ಗಾಲ್ಫ್ ಶೂ ಮೊದಲೋ, ಕ್ಲಬ್ ಮೊದಲೋ?

ಮಳೆ ಬಿಟ್ಟು ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನದ ಹುಲ್ಲು ಒಣಗುತ್ತಾ ಬಂದ ಹಾಗೆ ಗಾಲ್ಫ್ ಬಗ್ಗೆ ಪತ್ರಗಳೂ ಜಾಸ್ತಿಯಾಗಿವೆ. ಹೆಚ್ಚಿನವರು ಕೇಳಿರುವುದು ಶೂ ಮತ್ತು ಕ್ಲಬ್ ಕೊಳ್ಳುವ ಬಗ್ಗೆ. ಅವುಗಳಲ್ಲಿ ಐದು ಇಲ್ಲಿವೆ. ಕ್ಲಬ್ ಅಂದರೆ ಇಲ್ಲೆಲ್ಲ ಆಡುವ ಕೋಲು ಎಂದೇ ಓದಿಕೊಳ್ಳಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ, ವಯಸ್ಸು 62. ಮೂರು ತಿಂಗಳಿಂದ ಗಾಲ್ಫ್ ಕಲಿಯುತ್ತಿದ್ದೇನೆ. ದಿನಾ ವಾಕಿಂಗ್‌ಗೆ ಹಾಕುವ ಶೂವನ್ನೇ ಹಾಕಿಕೊಂಡು ಬೆಳಗ್ಗೆ ಆಡುತ್ತೇನೆ. ಜೋರಾಗಿ ಹೊಡೆಯುವಾಗ ಕಾಲು ಜಾರುತ್ತದೆ, ಮನೆಗೆ ಬಂದ ಮೇಲೆ ಎಡ ಮೊಣಕಾಲು ನೋಯುತ್ತದೆ. ಮಗ ಮುಂದಿನ ತಿಂಗಳು ದುಬೈಯಿಂದ ಬರುತ್ತಾನೆ. ಒಳ್ಳೆಯ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ತರುತ್ತೇನೆ ಎನ್ನುತ್ತಿದ್ದಾನೆ. ಯಾವುದು ತರಿಸಲಿ?
— ಓದುಗರು, ಕದ್ರಿ

ಉತ್ತರ: ಡ್ರೈವರ್ ಆಮೇಲೆ ತರಲಿ ಸಾರ್, ಮೊದಲು ಶೂ ತರಲು ಹೇಳಿ. ನಿಮ್ಮ ಪತ್ರದಲ್ಲೇ ಕಾರಣ ಉಂಟು.

ವಾಕಿಂಗ್ ಶೂ ಇರುವುದು ಮುಂದಕ್ಕೆ ನಡೆಯಲಿಕ್ಕೆ. ಅದರ ಹಿಮ್ಮಡಿ ಎತ್ತರ, ಅಡಿ ಮೆತ್ತಗೆ. ಗಾಲ್ಫಿನಲ್ಲಿ ಕಾಲಿಗೆ ಬೀಳುವ ಒತ್ತಡ ಅಡ್ಡಡ್ಡಕ್ಕೆ. ನೀವು ಬಲಗೈಯವರಾದರೆ ಕ್ಲಬ್ ಎತ್ತುವಾಗ ಮೈಭಾರ ಬಲಗಾಲಿಗೆ ಬರುತ್ತದೆ, ಇಳಿಸುವಾಗ ಒಮ್ಮೆಲೇ ಎಡಗಾಲಿಗೆ ಹೋಗಿ, ಪಾದದ ಹೊರ ಅಂಚಿನ ಮೇಲೆ ಬಿದ್ದು, ಮೈ ಪೂರ್ತಿ ತಿರುಗಿದ ಮೇಲೆ ಅಲ್ಲೇ ನಿಲ್ಲುತ್ತದೆ. ಮೆತ್ತನೆಯ ಶೂ ಆ ಹೊತ್ತಿಗೆ ಒಂದು ಬದಿಗೆ ಕುಸಿಯುತ್ತದೆ. ಪಾದ ಶೂ ಒಳಗೇ ಹೊರಳುತ್ತದೆ, ಅದರ ತಿರುಚು ಮೇಲಿನ ಮೊಣಕಾಲಿಗೆ ಹೋಗುತ್ತದೆ. ಗಾಲ್ಫ್ ಶೂನ ಅಡಿ ಅಗಲ, ಬದಿ ಗಟ್ಟಿ, ಹಿಮ್ಮಡಿ ತಗ್ಗು. ಕಾಲು ನೆಲಕ್ಕೆ ಹತ್ತಿರ ಇರುತ್ತದೆ. ಆದರೂ ನೋವು ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಶೂ ಮೇಲೆ ಭಾರ ಹಾಕಿ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಇನ್ನು ಅಡಿಯಲ್ಲಿ ಸ್ಪೈಕ್ (ನೆಲ ಕಚ್ಚುವ ಮುಳ್ಳು) ಇರುವುದೋ ಇಲ್ಲದ್ದೋ ಎಂಬ ಪ್ರಶ್ನೆ. ಹಿಂದೆ ಕಬ್ಬಿಣದ ಮೊಳೆ ಇರುತ್ತಿತ್ತು, ಗ್ರೀನ್ (ಕುಳಿಯ ಸುತ್ತಲಿನ ನುಣ್ಣಗೆ ಕತ್ತರಿಸಿದ ಹುಲ್ಲು) ಹಾಳಾಗುತ್ತದೆಂದು ಹೆಚ್ಚಿನ ಕಡೆ ಈಗ ಅದನ್ನು ಬಿಡುವುದಿಲ್ಲ. ಈಗ ಇರುವುದು ಪ್ಲಾಸ್ಟಿಕ್‌ನ ಮೆತ್ತನೆ ಸ್ಪೈಕ್, ಸವೆದರೆ ತಿರುಗಿಸಿ ತೆಗೆದು ಬೇರೆ ಹಾಕಬಹುದು. ಇನ್ನೊಂದು ಬಗೆಯಲ್ಲಿ ಸ್ಪೈಕೇ ಇಲ್ಲ, ಅಡಿಯ ರಬ್ಬರಿನಲ್ಲೇ ಸಣ್ಣ ಸಣ್ಣ ಉಬ್ಬುಗಳು. 2010ರ ಮಾಸ್ಟರ್ಸ್ ಟೂರ್ನಿಯಲ್ಲಿ ಅಮೆರಿಕದ ಆಟಗಾರ ಫ್ರೆಡ್ ಕಪಲ್ಸ್ ಅಂಥ ಎಕ್ಕೋ ಕಂಪನಿಯ ಶೂ ಹಾಕಿಕೊಂಡು, ಸಾಕ್ಸ್ ಕೂಡ ಇಲ್ಲದೆ ಆಡಿದ ಮೇಲೆ ಅದು ಎಲ್ಲ ಕಡೆ ಫ್ಯಾಷನ್ ಆಯಿತು. ನೋಡಲು ಚೆಂದ, ಹಗುರ, ಅದನ್ನೇ ಹಾಕಿಕೊಂಡು ಬರುವಾಗ ದಾರಿಯಲ್ಲಿ ತರಕಾರಿಯನ್ನೂ ತರಬಹುದು. ಆದರೆ ನೀವು ಬೆಳಗ್ಗೆ ಆಡುವವರು. ಡಿಸೆಂಬರ್, ಜನವರಿಯ ಇಬ್ಬನಿಗೆ ಹುಲ್ಲು ಎಂಟೂವರೆವರೆಗೆ ಒದ್ದೆ, ಮೇಲಾಗಿ ನಮ್ಮ ನೆಲವೇ ಏರುತಗ್ಗು. ಈ ವಯಸ್ಸಿಗೆ, ಈಗಾಗಲೇ ಜಾರುತ್ತಿರುವ ಕಾಲಿಗೆ, ನಾನು ಸ್ಪೈಕ್ ಇರುವುದನ್ನೇ ಹೇಳುತ್ತೇನೆ. ಹೆಚ್ಚುವರಿ ಸ್ಪೈಕ್ ಒಂದು ಸೆಟ್, ತಿರುಗಿಸುವ ಕೀ ಒಂದು, ಶೂ ಜೊತೆಗೇ ತರಲು ಹೇಳಿ. ಸ್ಪೈಕ್‌ನ ಬುಡದ ತಿರುಪು ಎಲ್ಲ ಶೂಗೂ ಒಂದೇ ಥರ ಇರುವುದಿಲ್ಲ, ಆಮೇಲೆ ಹುಡುಕುತ್ತಾ ಕೂರುವ ಕೆಲಸ ಬೇಡ.

ಅಳತೆಯ ವಿಷಯ ದಯವಿಟ್ಟು ಗಮನ ಇಟ್ಟು ಓದಿ, ದೂರದಿಂದ ತರಿಸುವಾಗ ಎಡವುವುದು ಇಲ್ಲೇ. "8 ನಂಬರ್" ಎಂದು ಫೋನಿನಲ್ಲಿ ಹೇಳಬೇಡಿ. ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ನಂಬರು. ಅಮೆರಿಕದ ಲೆಕ್ಕದಲ್ಲಿ ಅದೇ ಶೂ ಹೆಚ್ಚುಕಮ್ಮಿ 9, ಯುರೋಪಿನ ಲೆಕ್ಕದಲ್ಲಿ 42. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ಆಟಕ್ಕೆ ಹಾಕುವ ಸಾಕ್ಸ್ ಹಾಕಿ ಕಾಗದದ ಮೇಲೆ ನಿಂತುಕೊಳ್ಳಿ. ಎರಡೂ ಪಾದದ ಸುತ್ತ ಗೆರೆ ಎಳೆಸಿ. ಉದ್ದ, ಬೆರಳುಗಳ ಹತ್ತಿರದ ಅಗಲ, ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದು ಫೋಟೋ ತೆಗೆದು ಮಗನಿಗೆ ಕಳಿಸಿ. ಜೀವನವಿಡೀ ಚಪ್ಪಲಿಯಲ್ಲಿ ಓಡಾಡಿದ ನಮ್ಮಲ್ಲಿ ಅನೇಕರಿಗೆ ಪಾದದ ಮುಂಭಾಗ ಅಗಲ. ಉದ್ದ ಸರಿಯಿದ್ದರೂ ಕಿರುಬೆರಳು ಒತ್ತುತ್ತದೆ. ಆಗ ದೊಡ್ಡ ನಂಬರ್ ತೆಗೆದರೆ ಹಿಮ್ಮಡಿ ಸಡಿಲ. ಅದರ ಬದಲು ಅದೇ ನಂಬರಿನಲ್ಲಿ ಅಗಲದ ಮಾದರಿ ಕೇಳಲಿ, ಫುಟ್‌ಜಾಯ್‌ನಂಥ ಕಂಪನಿಗಳು ಮಾಡುತ್ತವೆ.

ಡ್ರೈವರ್ ತಂದರೂ ಬೇಡ ಎನ್ನುವುದಿಲ್ಲ. ಶಾಫ್ಟ್ (ಹಿಡಿಯಿಂದ ತಲೆವರೆಗಿನ ಕೋಲು) ಗ್ರಾಫೈಟ್‌ನದ್ದಿರಲಿ. ಬಾಗುವಿಕೆ ರೆಗ್ಯುಲರ್ ಅಥವಾ ಸೀನಿಯರ್, ಚೆಂಡಿಗೆ ತಾಗುವ ಮುಖದ ಓರೆ 10.5ರಿಂದ 12 ಡಿಗ್ರಿ. ಟಿವಿಯಲ್ಲಿ ನೋಡುವ ಆಟಗಾರರದ್ದು 9 ಡಿಗ್ರಿ ಇರಬಹುದು, ಅವರ ವೇಗವೇ ಬೇರೆ. ನಿಧಾನ ಬೀಸುವ ಕೈಯಲ್ಲಿ ಕಮ್ಮಿ ಓರೆಯ ಡ್ರೈವರ್ ಇದ್ದರೆ ಚೆಂಡು ಮೇಲೇಳುವುದೇ ಇಲ್ಲ.

ಪ್ರಶ್ನೆ: ಯಜಮಾನರ ಹಳೆಯ ಕ್ಲಬ್ ಸೆಟ್ ಮನೆಯಲ್ಲಿದೆ, ಒಳ್ಳೆಯ ಕಂಪನಿಯದ್ದು. ನಾನು 5 ಅಡಿ 1 ಇಂಚು, ಅವರು 5 ಅಡಿ 10. ಅದರಲ್ಲೇ ಕಲಿಯಬಹುದಾ? ಶಾಫ್ಟ್ ಕತ್ತರಿಸಿದರೆ ಸಾಕು ಎಂದು ಒಬ್ಬರು ಹೇಳಿದರು.
— ಉಪನ್ಯಾಸಕಿ, ಮಣಿಪಾಲ

ಉತ್ತರ: ಮೇಡಂ, ಪಟರ್ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಇಟ್ಟುಕೊಳ್ಳಿ, ಉಳಿದದ್ದು ಅವರಿಗೇ ಇರಲಿ.

ಹೆಂಗಸರ ಕ್ಲಬ್ ಸಾಮಾನ್ಯವಾಗಿ ಗಂಡಸರದ್ದಕ್ಕಿಂತ ಸುಮಾರು 1 ಇಂಚು ಗಿಡ್ಡ ಅಷ್ಟೇ, ಹಾಗಾಗಿ ಕತ್ತರಿಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಶಾಫ್ಟ್ ಗಿಡ್ಡ ಮಾಡಿದ ಕೂಡಲೇ ಅದು ಇನ್ನೂ ಬಿರುಸಾಗುತ್ತದೆ. ನಿಮಗೆ ಬೇಕಾದದ್ದು ಜಾಸ್ತಿ ಬಾಗುವ ಶಾಫ್ಟ್. ತೂಕವೂ ಉಂಟಲ್ಲ, ಉಕ್ಕಿನ ಶಾಫ್ಟ್ ಒಂದೊಂದೇ 100 ಗ್ರಾಂ ಮೇಲಿರುವುದು ಸಾಮಾನ್ಯ, ಹೆಂಗಸರ ಗ್ರಾಫೈಟ್ ಶಾಫ್ಟ್ 50, 60 ಗ್ರಾಂ. ಒಂದು ಗಂಟೆ ಅಭ್ಯಾಸದಲ್ಲಿ ಈ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. ಭಾರದ ಕ್ಲಬ್ಬಿನಲ್ಲಿ ಕಲಿತವರು ಎತ್ತಲಿಕ್ಕೆಂದೇ ಬೆನ್ನನ್ನು ಒಂದು ಥರ ವಕ್ರ ಮಾಡುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ, ನಾನು ಕಣ್ಣಾರೆ ಕಂಡಿದ್ದೇನೆ.

ಹಿಡಿಯ ದಪ್ಪ ಇನ್ನೂ ಮುಖ್ಯ. ಎಡಗೈಯಲ್ಲಿ ಕ್ಲಬ್ ಹಿಡಿದು ನೋಡಿ. ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಹೆಬ್ಬೆರಳ ಬುಡದ ಮಾಂಸಕ್ಕೆ ಸುಮ್ನೆ ತಾಗಬೇಕು. ತಾಗದೇ ನಡುವೆ ಜಾಗ ಉಳಿದರೆ ಹಿಡಿ ನಿಮಗೆ ದಪ್ಪ. ಚುಚ್ಚಿದರೆ ಸಪೂರ. ದಪ್ಪ ಹಿಡಿಯಲ್ಲಿ ಕೈ ತಿರುಗುವುದಿಲ್ಲ, ಚೆಂಡು ಬಲಕ್ಕೇ ಹೋಗುತ್ತದೆ. ಹೊಸಬರು ಇದನ್ನು ತಮ್ಮ ತಪ್ಪೆಂದು ತಿಳಿದು ಬೇಜಾರು ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಪಾರ್ಟ್ ಟೈಮ್ ಕೆಲಸ ಮಾಡಿ ದುಡ್ಡು ಕೂಡಿಟ್ಟಿದ್ದೇನೆ. ಪೂರ್ತಿ 14 ಕ್ಲಬ್ ಸೆಟ್ ಬೇಕು, ತೆಳುವಾದ ಬ್ಲೇಡ್ ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ನನಗೆ ತುಂಬಾ ಇಷ್ಟ. ಆನ್‌ಲೈನ್‌ನಲ್ಲಿ ಹೊಸ ಬ್ರ್ಯಾಂಡೆಡ್ ಸೆಟ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದೆ. ತೆಗೆದುಕೊಳ್ಳಲಾ?
— ಓದುಗ, ಸುರತ್ಕಲ್

ಉತ್ತರ: ಬೇಡ ತಮ್ಮಾ. ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೊಸ ಮಾದರಿ ಸಿಗುತ್ತಿದ್ದರೆ ಅದು ನಕಲಿ ಇರುವ ಸಾಧ್ಯತೆಯೇ ಜಾಸ್ತಿ. ಕ್ಯಾಲವೇ, ಟೈಟ್ಲಿಸ್ಟ್, ಪಿಂಗ್ ಹೆಸರಿನಲ್ಲಿ ನಕಲಿಗಳು ಎಷ್ಟೋ ಇವೆ. ಕೆಲಸ ಮಾಡಿ ಉಳಿಸಿದ ದುಡ್ಡು ಹಾಗೆ ಹೋಗಬಾರದು.

14 ಅನ್ನುವುದು ನಿಯಮದ ಗರಿಷ್ಠ ಮಿತಿ, ಅಷ್ಟು ಇರಲೇಬೇಕು ಅಂತಲ್ಲ. ನಿಮಗೆ ಏಳು ಸಾಕು. ಒಂದು ಡ್ರೈವರ್ ಅಥವಾ 3 ವುಡ್ (ಡ್ರೈವರ್‌ಗಿಂತ ಸ್ವಲ್ಪ ಗಿಡ್ಡದ್ದು), ಒಂದು ಹೈಬ್ರಿಡ್ (ವುಡ್, ಐರನ್ ಎರಡರ ಗುಣ ಇರುವುದು), 6 ಮತ್ತು 8 ನಂಬರಿನ ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್ (ಹತ್ತಿರದಿಂದ ಚೆಂಡನ್ನು ಮೇಲಕ್ಕೆತ್ತುವ ಕ್ಲಬ್‌ಗಳು), ಪಟರ್. ಏಳರಿಂದ ಎಲ್ಲ ಬಗೆಯ ಹೊಡೆತ ಕಲಿಯಬಹುದು, ಬ್ಯಾಗೂ ಹಗುರ, ನೀವೇ ಹೊತ್ತು ನಡೆಯಬಹುದು. ಬಳಸಿದ್ದನ್ನೇ ತೆಗೆದುಕೊಳ್ಳಿ. ಕ್ಲಬ್ ಐದಾರು ವರ್ಷಕ್ಕೆ ಹಳತಾಗುವ ವಸ್ತುವಲ್ಲ. ಆದಷ್ಟು ಕೈಯಲ್ಲಿ ಹಿಡಿದು ನೋಡಿಯೇ ದುಡ್ಡು ಕೊಡಿ. ಹೆಡ್ (ಕ್ಲಬ್ಬಿನ ತಲೆ) ಹಿಡಿದು ಶಾಫ್ಟ್ ತಿರುಚಿ ನೋಡಿ, ಟಿಕ್ ಟಿಕ್ ಸದ್ದು ಬಂದರೆ ಅಂಟು ಬಿಟ್ಟಿದೆ. ಗ್ರಾಫೈಟ್ ಮೇಲೆ ಉಗುರು ಓಡಿಸಿ, ಬಿರುಕು ಇದ್ದರೆ ಸಿಕ್ಕುತ್ತದೆ. ವೆಜ್‌ನ ಗೀರುಗಳು ಸವೆದು ನುಣ್ಣಗಾಗಿದ್ದರೆ ಚೆಂಡಿಗೆ ತಿರುಗು ಸಿಗುವುದಿಲ್ಲ, ಅದನ್ನು ಬಿಡಿ. ಹಿಡಿ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಹೆದರಬೇಡಿ, ಅದನ್ನು ಬದಲಿಸಬಹುದು.

ಬ್ಲೇಡ್ ಚೆಂದ ಎಂದು ಬರೆದಿದ್ದೀರಿ, ನನಗೂ ಅದು ಚೆಂದವೇ. ಆದರೆ ಅದರಲ್ಲಿ ತೂಕವೆಲ್ಲ ನಡುವಿಗೆ. ಚೆಂಡು ಒಂದು ಬೆರಳಿನಷ್ಟು ಆಚೆ ಈಚೆ ತಾಗಿದರೂ ಹೆಡ್ ತಿರುಗುತ್ತದೆ, ದೂರ ಹೋಗುವುದಿಲ್ಲ, ಕೈಗೆ ಜುಮ್ ಎನ್ನುತ್ತದೆ. ಹಿಂಬದಿ ಟೊಳ್ಳು ಮಾಡಿ ತೂಕವನ್ನು ಅಂಚಿಗೆ ಹಂಚಿದ ಕ್ಯಾವಿಟಿ ಬ್ಯಾಕ್ ಐರನ್‌ನಲ್ಲಿ ಅದೇ ತಪ್ಪು ಅರ್ಧ ಮಾಫಿ. ಈ ಯೋಚನೆಯನ್ನು ದೊಡ್ಡದು ಮಾಡಿದವರು ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್. ಅವರೂ ಇಂಜಿನಿಯರೇ.

ಉಳಿದ ದುಡ್ಡು ಪಟರ್‌ಗೆ ಹಾಕಿ. 72ರ ಪಾರ್‌ನಲ್ಲಿ (18 ಕುಳಿಗೆ ನಿಗದಿಯಾದ ಒಟ್ಟು ಹೊಡೆತ) ಪ್ರತಿ ಕುಳಿಗೆ ಎರಡು ಪಟ್ (ಪಟರ್‌ನ ಹೊಡೆತ) ಎಂದೇ ಲೆಕ್ಕ, ಅಂದರೆ 36, ಸರಿಯಾಗಿ ಅರ್ಧ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ನೆನಪಿದೆ ಅಲ್ವಾ? 2021ರ ಆಗಸ್ಟ್, ಒಂದೇ ಹೊಡೆತಕ್ಕೆ ಪದಕ ತಪ್ಪಿತು. ದೂರ ಹೊಡೆಯುವುದರಲ್ಲಿ ಅವರು ಉಳಿದವರಿಗಿಂತ ತುಂಬಾ ಹಿಂದಿದ್ದರು. ಅಲ್ಲಿವರೆಗೆ ಅವರನ್ನು ತಂದದ್ದು ಪಟರ್. ಆ ಬೆಳಗ್ಗೆ ಟಿವಿ ಮುಂದೆ ಕೂತಿದ್ದ ನನಗೆ ಅವರ ಒಂದೊಂದು ಪಟ್ ಕೂಡ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪ್ರಶ್ನೆ: ಜೂನ್‌ನಲ್ಲಿ ಕಟ್ಟಿಟ್ಟ ಬ್ಯಾಗ್ ಈಗ ತೆಗೆದೆ. ಚರ್ಮದ ಶೂ ತುಂಬಾ ಬೂಷ್ಟು, ಐರನ್‌ಗಳಿಗೆ ತುಕ್ಕು, ಹಿಡಿ ಜಾರುತ್ತದೆ. ಶೂಗೆ ತೆಂಗಿನೆಣ್ಣೆ ಸವರಿಯೇ ಇಟ್ಟಿದ್ದೆ. ಎಲ್ಲ ಬಿಸಾಡಬೇಕಾ?
— ಹೆಸರು ಬೇಡ, ಕುಂದಾಪುರ

ಉತ್ತರ: ಬಿಸಾಡಬೇಡಿ ಮಾರಾಯ್ರೆ. ಹೆಚ್ಚಿನದ್ದು ಸರಿಯಾಗುತ್ತದೆ.

ತೆಂಗಿನೆಣ್ಣೆಯೇ ತೊಂದರೆ ಮಾಡಿದ್ದು. ಮಳೆಗಾಲದ ತೇವದಲ್ಲಿ ಚರ್ಮದ ಮೇಲಿನ ಅಡುಗೆ ಎಣ್ಣೆ ಬೂಷ್ಟಿಗೆ ಊಟ. ನಾನೂ ಒಂದು ವರ್ಷ ಹಾಗೇ ಮಾಡಿ ಒಂದು ಜೊತೆ ಶೂ ಕಳೆದುಕೊಂಡೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಶೂವನ್ನು ಮನೆಯ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿ, ಒಣ ಬ್ರಷ್‌ನಿಂದ ಬೂಷ್ಟು ಉದುರಿಸಿ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಬಟ್ಟೆ ಅದ್ದಿ ಹಿಂಡಿ ಒರೆಸಿ. ಒಳಗಿನ ಅಟ್ಟೆ ತೆಗೆದು ಹೊಸದು ಹಾಕಿ. ಒಣಗಿಸುವುದು ನೆರಳಲ್ಲಿ, ಫ್ಯಾನ್ ಕೆಳಗೆ. ಒಳಗೆ ಹಳೆ ಪೇಪರ್ ತುರುಕಿ, ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ಬಚ್ಚಲ ಒಲೆಯ ಹತ್ತಿರ ಇಡಬೇಡಿ, ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ, ಚರ್ಮ ಸೀಳುತ್ತದೆ.

ಮುಂದಿನ ಸಲ ಕೊಳ್ಳುವಾಗ ಕರಾವಳಿಗೆ ಚರ್ಮಕ್ಕಿಂತ ಸಿಂಥೆಟಿಕ್ ವಾಸಿ. ಮಳೆಯಲ್ಲೂ ಆಡುವವರಾದರೆ ನೀರು ತಡೆಯುವ ಪದರ ಇರುವುದು ಬೇಕು. ಬರೀ ಬೇಸಿಗೆಯಲ್ಲಿ ಆಡುವವರಿಗೆ ಆ ಪದರ ಬೇಡವೇ ಬೇಡ, ನಮ್ಮ ಸೆಕೆಗೆ ಕಾಲು ಒಳಗೇ ಬೇಯುತ್ತದೆ, ಗಾಳಿಯಾಡುವ ಜಾಲರಿ ಶೂ ಸಾಕು. ಹತ್ತಿ ಸಾಕ್ಸ್ ಬೆವರು ಹಿಡಿದು ಗುಳ್ಳೆ ಎಬ್ಬಿಸುತ್ತದೆ, ಆಟಗಾರರ ಸಿಂಥೆಟಿಕ್ ಸಾಕ್ಸ್ ಹಾಕಿ.

ತುಕ್ಕು ಮೇಲ್ಮೈಯದ್ದಾದರೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹೋಗದಿದ್ದರೆ ತುಂಬಾ ನುಣುಪಾದ ಸ್ಟೀಲ್ ವುಲ್‌ನಿಂದ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಮೆಲ್ಲಗೆ ಉಜ್ಜಿ, ಆದರೆ ಮುಖದ ಗೀರುಗಳನ್ನು ಕೆರೆಯಬೇಡಿ. ಪೂರ್ತಿ ಒಣಗಿಸಿ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸವರಿ. ಹಿಡಿಗೆ ಎಣ್ಣೆ ತಾಗಲೇಬಾರದು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದ ಮೇಲೂ ಜಾರಿದರೆ ಹಿಡಿ ಬದಲಿಸಿ. ಬೆವರುವ ಕೈಗೆ ನೂಲು ಸೇರಿಸಿದ ಕಾರ್ಡ್ ಗ್ರಿಪ್ ಒಳ್ಳೆಯದು. ಹಿಡಿ ಜಾರಿದರೆ ನೀವು ಗೊತ್ತಿಲ್ಲದೇ ಬಿಗಿಯಾಗಿ ಹಿಡಿಯುತ್ತೀರಿ, ಬಿಗಿ ಹಿಡಿದರೆ ಮುಂಗೈ ಸೆಟೆದು ವೇಗ ಹೋಗುತ್ತದೆ. ಹೊಸ ಡ್ರೈವರ್‌ಗೆ ಖರ್ಚು ಮಾಡುವ ಮೊದಲು ಹಳೆಯದಕ್ಕೆ ಹೊಸ ಹಿಡಿ ಹಾಕಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬ್ಯಾಗ್‌ನ ತಳದಲ್ಲಿ ನೀರು ನಿಂತಿರುತ್ತದೆ, ತಲೆಕೆಳಗೆ ಮಾಡಿ ಒಣಗಿಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಜಿಪ್ ತೆರೆದು ಗಾಳಿಗೆ ಇಡಿ. ಸಮುದ್ರದ ಹತ್ತಿರ ಮನೆಯಾದರೆ ಉಪ್ಪುಗಾಳಿ ಬೇರೆ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಬಿಳಿ ಶೂ ಹಾಕಲು ಆಸೆ. ಆದರೆ ನಮ್ಮ ಕೆಂಪು ಮಣ್ಣಿಗೆ ಒಂದೇ ದಿನಕ್ಕೆ ಹಾಳಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ.
— ಓದುಗರು, ಉಡುಪಿ

ಉತ್ತರ: ಆಸೆ ಇದ್ದರೆ ಹಾಕಿ. ಹಸಿರು ಹುಲ್ಲಿನ ಮೇಲೆ ಬಿಳಿ ಶೂ ಚೆಂದವೇ, ಇಷ್ಟಪಟ್ಟು ಹಾಕಿದ ಬಟ್ಟೆಯಲ್ಲಿ ನಿಲ್ಲುವ ಠೀವಿಯೂ ಬೇರೆ. ಜಾಲರಿ ಬಟ್ಟೆಯ ಬಿಳಿ ಮಾತ್ರ ಬೇಡ, ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಕಲೆ ನೂಲಿನೊಳಗೆ ಕೂರುತ್ತದೆ. ನುಣುಪು ಸಿಂಥೆಟಿಕ್ ಮೇಲ್ಮೈ ತೆಗೆದುಕೊಳ್ಳಿ. ಒದ್ದೆ ಮಣ್ಣನ್ನು ಉಜ್ಜಬೇಡಿ, ಉಜ್ಜಿದಷ್ಟೂ ಹರಡುತ್ತದೆ. ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ಆಮೇಲೆ ಒದ್ದೆ ಬಟ್ಟೆ. ಲೇಸ್ ಬಿಚ್ಚಿ ಬೇರೆ ತೊಳೆಯಿರಿ, ಮೊದಲು ಕೆಂಪಾಗುವುದು ಅದೇ. ಬಿಳಿ ಲೇಸ್ ಇನ್ನೊಂದು ಜೊತೆ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.